ಕನ್ನಡಕದವರ ಮುಳ್ಳು ಬಿದ್ದ ಪ್ರಸಂಗ

ನಾನು ಛಾಪಾಖಾನೆಯಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕಿ ಅದಕ್ಕೆ ಸಂಬಳ ತೆಗೆದುಕೊಳ್ಳುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ನಮ್ಮ ಬೀದಿಯಲ್ಲಿ ಉಳಿದವರೆಲ್ಲ ಅದನ್ನು ಪುಕ್ಕಟೆಯಾಗಿಯೇ ಮಾಡುತ್ತಾರೆ. ಓಡುವ ಬಸ್ಸಿನಿಂದಲೇ ಅಂಗಡಿಯ ಬೋರ್ಡಿನಲ್ಲಿ ಜಾರಿಹೋದ ಒತ್ತಕ್ಷರವನ್ನು ಹಿಡಿಯಬಲ್ಲ ಇಂಥ ನನ್ನಿಂದ, ಮೂಗಿನ ಮುಂದಿನ ಒಂದು ಮುಳ್ಳನ್ನು ತಿಂಗಳುಗಟ್ಟಲೆ ತಪ್ಪುತಪ್ಪಾಗಿ ಓದಿಸಿದ ಮಹಾನುಭಾವರೆಂದರೆ ನಮ್ಮ ಮಹಡಿಯಲ್ಲೇ ಎದುರು ಮನೆಯಲ್ಲಿರುವ ಕನ್ನಡಕದವರು.

ಕನ್ನಡಕದವರು ಎಂದರೆ ಕನ್ನಡಕ ಹಾಕಿಕೊಂಡವರು ಎಂದಲ್ಲ. ಅವರದು ಹದ್ದಿನ ಕಣ್ಣು. ಪೇಟೆಯ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವರ ಕೆಲಸ. ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಾ, "ಈಗ ಕಾಣಿಸ್ತಾ? ಈಗ? ಇದು ಚೆನ್ನಾಗಿದೆಯೋ, ಮೊದಲಿಂದೋ?" ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಾರೆ. ಗಿರಾಕಿ ಏನು ಹೇಳಿದರೂ ನಂಬುತ್ತಾರೆ. ಆ ಕಸುಬಿನಲ್ಲಿ ಬೇರೆ ದಾರಿಯಿಲ್ಲ. ಇನ್ನೊಬ್ಬರ ಕಣ್ಣಿನೊಳಗೆ ಹೊಕ್ಕು ನೋಡಿಬರಲು ಯಾರಿಂದಲೂ ಆಗದು. ಹೀಗೆ ನಂಬಿ ನಂಬಿ ಅವರಿಗೆ ನಂಬುವುದೇ ಒಂದು ಚಟವಾಗಿತ್ತು.

ಅವರ ಮನೆಯವರು ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿತ್ತು. ಆಕೆ ಇದ್ದಾಗ ರಜಾದಿನ ಇಬ್ಬರೂ ಕಾರಿನಲ್ಲಿ ಹೊರಡುವುದನ್ನು ಬೀದಿಯೇ ನಿಂತು ನೋಡುತ್ತಿತ್ತು. ಸ್ಟಿಯರಿಂಗು ಇವರ ಕೈಯಲ್ಲಿದ್ದರೂ ಕಾರು ಓಡುತ್ತಿದ್ದುದು ಪಕ್ಕದ ಸೀಟಿನಲ್ಲಿದ್ದ ಆಕೆಯ ಬಾಯಿಂದ. "ನಾಯಿ ಬಂತು, ಹಂಪ್ ಬಂತು, ಅಯ್ಯೋ ಆ ಅಜ್ಜನ್ನ ನೋಡ್ರೀ, ನನ್ನ ಮುಖ ಏನು ನೋಡ್ತೀರಿ, ರಸ್ತೆ ನೋಡಿ!" ಮಕ್ಕಳಿಲ್ಲದ ಮನೆ. ಆಕೆ ಹೋದ ಮೇಲೆ ಆ ಮನೆಯ ಮಾತೂ ಹೋಯಿತು. ಕಾರು ಅಂಗಡಿಗೆ ಹೋಗಿ ಅಂಗಡಿಯಿಂದ ಬರುತ್ತಿತ್ತು, ಅಷ್ಟೆ.

ಈ ಮನುಷ್ಯರದು ಒಂದೇ ಒಂದು ಕೊರತೆ. ತಮಗೆ ಬೇಕಾದ್ದನ್ನು ನೇರವಾಗಿ ಕೇಳಲು ಬರುವುದಿಲ್ಲ. ಸಂಜೆಯಾದರೆ ನನ್ನ ಬಾಗಿಲು ತಟ್ಟಿ, "ನಿಮ್ಮನೇಲಿ ಕರೆಂಟ್ ಇದೆಯಾ?" ಎನ್ನುವರು. ನನ್ನ ತಲೆಯ ಮೇಲೆ ದೀಪ ಝಗಝಗ ಉರಿಯುತ್ತಿರುತ್ತಿತ್ತು.

"ಇದೆ."

"ನಮ್ಮನೇಲೂ ಇದೆ."

ಎರಡೂ ಮನೆಗಳಲ್ಲಿ ಕರೆಂಟಿದೆಯೆಂಬುದು ಹೀಗೆ ಇತ್ಯರ್ಥವಾದ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುತ್ತಿದ್ದೆವು. ಕರಡು ಕಾಯುತ್ತಿದೆ ಎಂದು ಹೇಳಿ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕರಡು ಕಾಯದ ದಿನವೂ ಹಾಗೆಯೇ ಹೇಳುತ್ತಿದ್ದೆ. ನಾನೂ ಒಂಟಿಯೇ, ಆದರೆ ನಾನು ಬೇಕೆಂದು ಒಂಟಿ, ಅವರು ಬೇಡವೆಂದರೂ ಒಂಟಿ ಎಂಬುದು ನನ್ನ ಲೆಕ್ಕಾಚಾರ. ಬಾಗಿಲು ಹಾಕಿದ ಮೇಲೂ ಅವರ ಚಪ್ಪಲಿಯ ಸದ್ದು ಕೂಡಲೇ ಎದುರು ಮನೆ ಸೇರುತ್ತಿರಲಿಲ್ಲ. ಎರಡು ಬಾಗಿಲುಗಳ ನಡುವೆ ನಿಂತು ಅವರು ಏನು ಮಾಡುತ್ತಿದ್ದರೋ, ನಾನು ಇಣುಕಿ ನೋಡಿದವನಲ್ಲ.

ಹೀಗಿರುವಾಗ ಅವರ ಕಾರಿಗೆ ಕಾಯಿಲೆ ಬಂತು. ಅದು ಗೇರು ತಾನೇ ಹಾಕಿಕೊಳ್ಳುವ ಜಾತಿಯ ಕಾರು. ಅದರಲ್ಲಿ ಇಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ಡಬ್ಬಿ ಇರುತ್ತದಂತೆ. ಇದನ್ನು ವಿವರಿಸಲು ಕನ್ನಡಕದವರು ಎರಡು ಟೇಬಲ್ ಫ್ಯಾನುಗಳನ್ನು ಮೆಟ್ಟಿಲ ಬಳಿ ಎದುರುಬದುರು ಇಟ್ಟರು. ಒಂದು ಅವರದು, ಒಂದು ನನ್ನದು. ಕೆಳಗಿನ ಮನೆಯಿಂದ ಮನೆ ಓನರಮ್ಮ ಬಂದರು. ಕೆಳಗಡೆಯೇ ಇರುವ ಕಟಿಂಗ್ ಶಾಪಿನವನು ಗಿರಾಕಿಯ ಅರ್ಧ ಮೀಸೆ ಹಾಗೇ ಬಿಟ್ಟು ಬಂದ.

"ನೋಡಿ, ಈ ಫ್ಯಾನು ಇಂಜಿನ್. ಆ ಫ್ಯಾನಿಗೆ ಕರೆಂಟೇ ಕೊಟ್ಟಿಲ್ಲ, ಅದು ಚಕ್ರ," ಎಂದು ಕನ್ನಡಕದವರು ಮೊದಲನೆಯದರ ಸ್ವಿಚ್ ಹಾಕಿದರು. ಅದರ ಗಾಳಿಗೆ ಎರಡನೆಯದು ನಿಧಾನವಾಗಿ ತಿರುಗತೊಡಗಿತು. ಓನರಮ್ಮ ಕೆನ್ನೆಗೆ ಕೈಯಿಟ್ಟುಕೊಂಡರು.

"ಇಲ್ಲಿ ಗಾಳಿ, ಅಲ್ಲಿ ಎಣ್ಣೆ. ಆದ್ರೆ ಎರಡನೇದು ಯಾವತ್ತೂ ಸ್ವಲ್ಪ ಹಿಂದೇನೇ. ಅದಕ್ಕೆ ಕಾರು ಸಮನಾಗಿ ಓಡ್ತಿರುವಾಗ ಒಳಗೊಂದು ಬಿಗಿ ಬಿದ್ದು ಎರಡೂ ಜೊತೆಗೇ ತಿರುಗ್ಬೇಕು. ಅದೇ ಲಾಕಪ್. ನನ್ನ ಕಾರಲ್ಲಿ ಅದು ಸತ್ತು ಹೋಗಿದೆ. ಇಂಜಿನ್ ಒಂದೇ ಸಮ ಒದ್ದಾಡುತ್ತೆ, ಪೆಟ್ರೋಲು ದಂಡ."

"ಗ್ಯಾರೇಜಿಗೆ ಕೊಡಿ ಸಾರ್," ಎಂದ ಕಟಿಂಗ್ ಶಾಪಿನವನು.

"ಗ್ಯಾರೇಜ್ ಯಾಕೆ? ಒಂದು ಸ್ವಿಚ್, ಒಂದು ರಿಲೇ, ಗೇರುಪೆಟ್ಟಿಗೆಗೊಂದು ವೈರು. ನಾನೇ ಮಾಡ್ತೀನಿ. ನೋಡಿ, ಬಿಗಿ ಬಿದ್ರೆ ಹೇಗಿರುತ್ತೆ ಅಂತ ತೋರಿಸ್ತೀನಿ."

ಎಂದವರೇ ಎರಡೂ ಫ್ಯಾನುಗಳ ಜಾಲರಿ ಬಿಚ್ಚಿ, ರೆಕ್ಕೆಗೆ ರೆಕ್ಕೆ ಸೇರಿಸಿ ಗೋಣಿದಾರದಿಂದ ಕಟ್ಟಿ, ಸ್ವಿಚ್ ಒತ್ತಿಬಿಟ್ಟರು. ಫ್ಯಾನುಗಳು ಒಂದನ್ನೊಂದು ತಬ್ಬಿಕೊಂಡು ಎರಡು ಸಲ ಕುಣಿದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದವು. ಅವರದು ಅಲ್ಲೇ ಪ್ರಾಣ ಬಿಟ್ಟಿತು. ನನ್ನದು ಇಂದಿಗೂ ಗಾಳಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಡುತ್ತಿದೆ.

ಆಮೇಲೆ ಬಹಳ ದಿನ ಬೀದಿಯವರಿಗೆ ಕನ್ನಡಕದವರೆಂದರೆ ಕಾರಿನಡಿಯಿಂದ ಹೊರಚಾಚಿದ ಎರಡು ಪಾದಗಳು ಮಾತ್ರ. ಹೋಗಿಬರುವವರು ಆ ಪಾದಗಳಿಗೇ ನಮಸ್ಕಾರ ಹೇಳುತ್ತಿದ್ದರು. ಪಾದಗಳು ಹೆಬ್ಬೆರಳು ಆಡಿಸಿ ಉತ್ತರ ಕೊಡುತ್ತಿದ್ದವು. ಕೊನೆಗೊಂದು ಸಂಜೆ ಮುಖಕ್ಕೆ ಎಣ್ಣೆ ಮೆತ್ತಿಕೊಂಡು ನನ್ನ ಬಾಗಿಲಿಗೆ ಬಂದರು.

"ನಿಮಗೆ ದೂರದ ಕಣ್ಣು ಹೇಗಿದೆ?"

"ಚೆನ್ನಾಗಿದೆ."

"ಹತ್ತಿರದ್ದು?"

"ಅದೂ ಚೆನ್ನಾಗಿದೆ. ಏನಾಗ್ಬೇಕಿತ್ತು?"

ಆಗಬೇಕಾದ್ದು ಇಷ್ಟು. ಬೈಪಾಸ್ ರಸ್ತೆಯಲ್ಲಿ ಕಾರು ಸಮವೇಗದಲ್ಲಿ ಓಡುತ್ತಿರುವಾಗ ಅವರು ಸ್ವಿಚ್ ಒತ್ತುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪ ಹತ್ತುತ್ತದೆ. ಒಳಗೆ ಬಿಗಿ ಬಿದ್ದರೆ ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು ಮುನ್ನೂರರಷ್ಟು ಕೆಳಗಿಳಿಯಬೇಕು. ಅದನ್ನು ಪಕ್ಕದ ಸೀಟಿನಲ್ಲಿ ಕೂತು ಒಬ್ಬರು ನೋಡಿ ಹೇಳಬೇಕು.

"ಮುಳ್ಳು ನಿಮ್ಮ ಎದುರಿಗೇ ಇದೆಯಲ್ಲ," ಎಂದೆ.

"ರಸ್ತೆ ನೋಡೋನು ಮುಳ್ಳು ನೋಡಬಾರದು ಸಾರ್. ಮನೆಯವರು ಹೇಳ್ತಿದ್ರು."

ತೀರಿಹೋದವರ ಮಾತನ್ನು ತಿದ್ದುವ ಅಧಿಕಾರ ನನಗಿಲ್ಲ. ಹೋಗಿ ಕೂತೆ. ಪಕ್ಕದ ಸೀಟಿನ ಧೂಳನ್ನು ಅವರು ತಮ್ಮ ಅಂಗಿಯ ತೋಳಿನಿಂದ ಒರೆಸಿ ಕೂರಿಸಿದರು. ಬೈಪಾಸಿನಲ್ಲಿ ಕಾರು ವೇಗ ಹಿಡಿಯಿತು. "ಹಾಕಿದೆ!" ಎಂದರು. ಹಸಿರು ದೀಪ ಹತ್ತಿತು. "ಬಿತ್ತಾ?"

ಮುಳ್ಳು ಅಲುಗಲಿಲ್ಲ. "ಇಲ್ಲ," ಎಂದೆ.

"ಪರವಾಗಿಲ್ಲ, ಪರವಾಗಿಲ್ಲ. ನೀವು ಸರಿಯಾಗಿ ಕೂತಿದೀರಾ? ಗಾಳಿ ಬರ್ತಿದೆಯಾ? ಇನ್ನೊಂದ್ಸಲ ನೋಡೋಣ."

ಇನ್ನೊಂದು ಸಲವೂ ಇಲ್ಲ, ಮತ್ತೊಂದು ಸಲವೂ ಇಲ್ಲ. ಪ್ರತಿ "ಇಲ್ಲ"ಕ್ಕೂ ಅವರು ನನ್ನನ್ನೇ ಸಮಾಧಾನಪಡಿಸುತ್ತಿದ್ದರು. ಕಾರು ಬೈಪಾಸಿನ ಆ ತುದಿ ಮುಟ್ಟಿ ಈ ತುದಿಗೆ ಬಂತು. ನನಗೆ ಹಸಿವಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, "ಬಿತ್ತಾ?" ಎಂದು ಕೇಳುವಾಗ ಅವರ ದನಿಯಲ್ಲಿ ಏನೋ ಇತ್ತು; ಆ ದನಿಗೆ ಇಲ್ಲವೆನ್ನುವುದು ಕೈಚಾಚಿದವನಿಗೆ ಮುಂದೆ ಹೋಗು ಎಂದ ಹಾಗಾಗುತ್ತಿತ್ತು.

"ಬಿತ್ತು!" ಎಂದೆ.

"ಎಷ್ಟು?"

"ಮುನ್ನೂರು!"

ಕನ್ನಡಕದವರು ರಸ್ತೆ ಬದಿಗೆ ಕಾರು ನಿಲ್ಲಿಸಿ ನನ್ನ ಕೈ ಹಿಡಿದು ಕುಲುಕಿದರು. ಚಹದಂಗಡಿಗೆ ಕರೆದುಕೊಂಡು ಹೋಗಿ ಚಹ ಕುಡಿಸಿದರು. ಒಂದು ಸುಳ್ಳಿಗೆ ಒಂದು ಕಪ್ಪು ಚಹ, ಕೇಸು ಮುಗಿಯಿತು ಎಂದುಕೊಂಡು ನಾನು ಮನೆಗೆ ಬಂದು ನಿಶ್ಚಿಂತೆಯಿಂದ ಮಲಗಿದೆ.

ಆದರೆ ಕಣ್ಣು ಪರೀಕ್ಷೆ ಮಾಡುವವರು ಒಂದೇ ಕಣ್ಣಿನ ಮಾತಿಗೆ ನಿಲ್ಲುವವರಲ್ಲ. ಮರುದಿನ ಖಾತ್ರಿಗೆಂದು ಕಟಿಂಗ್ ಶಾಪಿನವನನ್ನು ಕೂರಿಸಿಕೊಂಡು ಹೋದರು. ಗಿರಾಕಿಯ ಬೋಳುತಲೆಯನ್ನು ಸವರಿ, "ಸಾರ್, ಇಲ್ಲಿ ಸ್ವಲ್ಪ ದಟ್ಟ ಆಗ್ತಿದೆ," ಎಂದು ಹೇಳಿ ಬಾಳುವೆ ನಡೆಸುವವನು ಅವನು. ಅವನು ಇಲ್ಲವೆನ್ನುತ್ತಾನೆಯೇ? "ಬಿತ್ತು ಸಾರ್, ನೂರು ಬಿತ್ತು!" ಎಂದ. ಮೂರನೆಯವರು ಓನರಮ್ಮ. ಸ್ವಿಚ್ ಒತ್ತುವ ಮೊದಲೇ ಅವರು, "ಬಿತ್ತು ಬಿತ್ತು, ಪೂರ್ತಿ ಸೊನ್ನೆಗೆ ಬಿತ್ತು," ಎಂದುಬಿಟ್ಟರಂತೆ.

"ಅಮ್ಮಾ, ಸೊನ್ನೆಗೆ ಬಿದ್ರೆ ಇಂಜಿನ್ನೇ ನಿಂತಿದೆ ಅಂತ ಅರ್ಥ."

"ಹಾಗಾದ್ರೆ ಸ್ವಲ್ಪ ಕಮ್ಮಿ ಬಿತ್ತು ಅಂತ ಇಟ್ಕೊಳ್ಳಿ. ಅದಕ್ಕೇನೀಗ."

ಒಬ್ಬರಿಗೆ ಮುನ್ನೂರು, ಒಬ್ಬರಿಗೆ ನೂರು, ಒಬ್ಬರಿಗೆ ಪೂರ್ತಿ! ಕನ್ನಡಕದವರು ಚಿಂತೆಗೆ ಬಿದ್ದರು. ಮುಳ್ಳು ಒಂದೇ, ಬೀಳುವುದು ಮಾತ್ರ ಬೇರೆ ಬೇರೆ. ಇಂಥ ಸಂದರ್ಭದಲ್ಲಿ ನೀವು ನಾವಾಗಿದ್ದರೆ ಜನ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆವು. ಅವರು, ಪಾಪ, ಜನರ ಕಣ್ಣು ಕೆಟ್ಟಿದೆ ಎಂದುಕೊಂಡರು. ನಮ್ಮನ್ನೆಲ್ಲ ಅಂಗಡಿಗೆ ಕರೆದುಕೊಂಡು ಹೋಗಿ, ಚೌಕಟ್ಟು ಏರಿಸಿ, "ಈಗ ಕಾಣಿಸ್ತಾ?" ಎಂದು ಕೇಳಿದರು. ಮುಳ್ಳಿನ ವಿಷಯದಲ್ಲಿ ಸಿಕ್ಕಿಬೀಳುವ ಭಯದಿಂದ ನಾವು ಒಂದೊಂದು ಅಕ್ಷರ ಬೇಕೆಂದೇ ತಪ್ಪಾಗಿ ಓದಿದೆವು. ವಾರ ಕಳೆಯುವಷ್ಟರಲ್ಲಿ ಬೀದಿಯಲ್ಲಿ ಗಟ್ಟಿ ಕಣ್ಣಿನವರೆಲ್ಲ ಕನ್ನಡಕ ಹಾಕಿಕೊಂಡು ತಡವರಿಸುತ್ತಿದ್ದರು. ಕಟಿಂಗ್ ಶಾಪಿನವನು ಅದನ್ನು ಹಾಕಿಕೊಂಡು ಒಬ್ಬರ ಕಿವಿಗೆ ಗಾಯ ಮಾಡಿದ.

ಪರೀಕ್ಷೆ ಸಂಜೆ ಸಂಜೆಯೂ ನಡೆಯಿತು, ಸರದಿಯ ಪ್ರಕಾರ. ಬೈಪಾಸಿನಲ್ಲಿ ಸ್ವಿಚ್ ಒತ್ತುವುದಕ್ಕೆ ಒಂದು ಕ್ಷಣ ಸಾಕು. ಅಲ್ಲಿಗೆ ಹೋಗಿ ಬರುವುದಕ್ಕೆ ಬಹಳ ಹೊತ್ತು ಬೇಕು. ಆ ಹೊತ್ತಿನಲ್ಲಿ ಓನರಮ್ಮ ತಮ್ಮ ಮೊಣಕಾಲಿನ ಚರಿತ್ರೆ ಹೇಳಿದರು. ಕಟಿಂಗ್ ಶಾಪಿನವನು ತನ್ನ ಮಾವನ ಜೊತೆಗಿನ ಜಗಳವನ್ನು ಕಂತು ಕಂತಾಗಿ ಹೇಳಿದ. ನಾನು ಮಾತುಗಾರನಲ್ಲ, ಆದರೂ ಸಂಪಾದಕರ ಮೂರ್ಖತನದ ಬಗ್ಗೆ ನಾಲ್ಕು ಮಾತಾಡಿದೆ. ಅದು ನಾಲ್ಕರಲ್ಲಿ ನಿಲ್ಲಲಿಲ್ಲ. ಕನ್ನಡಕದವರು ಎಲ್ಲವನ್ನೂ ಕೇಳಿ, "ಹೌದಾ? ಆಮೇಲೆ?" ಎನ್ನುತ್ತಿದ್ದರು. ಅವರ ಮುಖದಲ್ಲಿ ಕಳೆ ಬಂತು. ಕರೆಂಟಿನ ವಿಚಾರಣೆಗೆಂದು ನನ್ನ ಬಾಗಿಲಿಗೆ ಬರುವುದು ತಾನಾಗಿಯೇ ನಿಂತುಹೋಯಿತು.

ಆ ದಿನಗಳಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಹಸಿರು ದೀಪ ಹತ್ತಿದ ಕೂಡಲೇ ನಮ್ಮ ಹಿಂದಿನ ಲಾರಿ ಬಸ್ಸುಗಳೆಲ್ಲ ಕಿರ್ರೆಂದು ಬ್ರೇಕ್ ಹಾಕಿ, ಹಾರ್ನ್ ಬಡಿದು, ದೂರ ಸರಿದುಬಿಡುತ್ತಿದ್ದವು. "ನೋಡಿ ಸಾರ್, ಈಗಿನ ಜನ ಸುಧಾರಿಸಿದಾರೆ. ಎಷ್ಟು ಅಂತರ ಬಿಡ್ತಾರೆ!" ಎಂದು ಕನ್ನಡಕದವರು ಹಿಂದಿನವರಿಗೆಲ್ಲ ಕೈ ಬೀಸುತ್ತಿದ್ದರು.

ದಿನಕ್ಕೊಬ್ಬರು ಪಕ್ಕದ ಸೀಟಿನಲ್ಲಿ ಕೂತು, ಕನ್ನಡಕ ಏರಿಸಿಕೊಂಡು, ಡ್ಯಾಶ್‌ಬೋರ್ಡನ್ನೇ ಗುರಾಯಿಸುತ್ತಾ ಅಂಕಿ ಕೂಗುವುದನ್ನು ಕಂಡವರಿಗೆ ಏನನ್ನಿಸಬೇಕು? ನಮ್ಮ ಬೀದಿಯ ಮೂಲೆಯಲ್ಲಿ ಒಂದು ಡ್ರೈವಿಂಗ್ ಸ್ಕೂಲ್ ಇದೆ. ಅದರ ಗುರುಗಳಿಗೆ ಅನ್ನಿಸಿದ್ದು ಒಂದೇ: ಈ ಮನುಷ್ಯ ಲೈಸೆನ್ಸ್ ಇಲ್ಲದೆ ಕಳ್ಳ ಸ್ಕೂಲ್ ತೆರೆದಿದ್ದಾನೆ.

"ಎಷ್ಟು ಜನ ಸೇರಿದೀರಿ?" ಎಂದು ಅವರು ಒಂದು ದಿನ ಓನರಮ್ಮನನ್ನು ಅಡ್ಡಗಟ್ಟಿ ಕೇಳಿದರು.

"ನಾವೊಂದು ನಾಲ್ಕೈದು ಜನ. ಸರದಿ ಮೇಲೆ ಹೋಗ್ತೀವಿ."

"ಏನು ಕಲಿಸ್ತಾರೆ?"

"ಕಲಿಸೋದೇನು ಬಂತು, ಮುಳ್ಳು ಬಿತ್ತು ಅಂತ ಹೇಳೋದು. ಬಹಳ ಸುಲಭ."

ಗುರುಗಳು ಹೌಹಾರಿದರು. ತಮ್ಮ ಇಷ್ಟು ವರ್ಷಗಳ ಪಾಠದಲ್ಲಿ ಇಲ್ಲದ ವಿದ್ಯೆ! ಅವತ್ತೇ ತಮ್ಮ ಎರಡು ಬ್ರೇಕಿನ ಕಾರಿನಲ್ಲಿ ಬೈಪಾಸಿನವರೆಗೆ ಬೆನ್ನಟ್ಟಿ ಬಂದರು. ಅಲ್ಲಿ ಹಿಂದಿನಿಂದ ಕಂಡದ್ದಕ್ಕೆ ಎರಡೂ ಬ್ರೇಕನ್ನು ಒಟ್ಟಿಗೆ ತುಳಿದು, ನೇರವಾಗಿ ಸಾರಿಗೆ ಇಲಾಖೆಗೆ ಹೋಗಿ ದೂರು ಕೊಟ್ಟರು.

ಸುದ್ದಿಗೆ ಕಾಲು ಬಂತು. ಕನ್ನಡಕದವರ ಅಕ್ಕ ಇರುವ ಊರಿಗೆ ಅದು ತಲುಪುವಷ್ಟರಲ್ಲಿ ಅಂಗಡಿಯ ಕೆಲಸ ಹೋಗಿ, ತಮ್ಮನೀಗ ಬಾಡಿಗೆ ಕಾರು ಓಡಿಸುತ್ತಾ ಹೊಟ್ಟೆ ಹೊರೆಯುತ್ತಿದ್ದಾನೆ ಎಂದಾಗಿತ್ತು. ಅಕ್ಕ ಒಂದು ಚೀಲ ಹಿಡಿದುಕೊಂಡು ಬಂದಿಳಿದರು. ಅಂಗಡಿಯಿಂದ ತಮ್ಮ ಬರುವುದು ತಡವೆಂದು ನನ್ನ ಮನೆಯಲ್ಲಿ ಕೂತರು.

"ಬಾಡಿಗೆಯೂ ಇಲ್ಲ, ಸ್ಕೂಲೂ ಇಲ್ಲ ಅಮ್ಮಾ," ಎಂದು ನಾನು ಫ್ಯಾನಿನಿಂದ ಹಿಡಿದು ಮುಳ್ಳಿನವರೆಗೆ ಎಲ್ಲ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಅವನು ಚಿಕ್ಕಂದಿನಿಂದ ಹಾಗೇನೇ. ಬಾಯಾರಿದ್ರೆ ನೀರು ಕೊಡು ಅಂತ ಕೇಳ್ತಿರಲಿಲ್ಲ. ಲೋಟ ತೊಳೆದಿದೀಯಾ ಅಕ್ಕ ಅಂತ ಕೇಳೋನು. ಅವನ ಹೆಂಡತಿ ಒಬ್ಬಳಿಗೇ ಅದು ಅರ್ಥ ಆಗ್ತಿತ್ತು. ಅವನು ಲೋಟ ಅನ್ನೋ ಮೊದಲೇ ನೀರು ತಂದಿಡೋಳು."

ನನಗೆ ಕರೆಂಟಿನ ಮಾತು ನೆನಪಾಯಿತು.

ತಮ್ಮ ಬಂದ ಕೂಡಲೇ ಅಕ್ಕ ತೀರ್ಪು ಕೊಟ್ಟುಬಿಟ್ಟರು. "ಈ ಕಾರು ಮಾರು. ನನ್ನ ಜೊತೆ ಬಾ. ಮಹಡಿ ಮೇಲೆ ರೂಮ್ ಖಾಲಿ ಬಿದ್ದಿದೆ."

"ಅಕ್ಕ, ಒಂದೇ ಒಂದ್ಸಲ ಬಂದು ಮುಳ್ಳು ನೋಡು. ಆಮೇಲೆ ಮಾತಾಡೋಣ."

ಅಕ್ಕ ಹೋಗಿ ನೋಡಿದರು. ವಾಪಸ್ಸು ಬಂದು ಮೆಟ್ಟಿಲು ಹತ್ತುತ್ತಲೇ ಕೂಗಿದರು: "ಏನೂ ಬೀಳಲಿಲ್ಲ! ಅದು ಅಲ್ಲೇ ಇತ್ತು!" ಬೀದಿಯಲ್ಲಿ ನಿಜ ಹೇಳಿದ ಏಕೈಕ ವ್ಯಕ್ತಿ ಅವರು. ಕನ್ನಡಕದವರು ಹಿಂದಿನಿಂದ ಬಂದು ನನಗೆ ಗುಟ್ಟಾಗಿ, "ಅಕ್ಕನಿಗೆ ಪೊರೆ ಬಂದಿರ್ಬೇಕು ಸಾರ್. ಹೇಗೆ ಹೇಳೋದೋ ಗೊತ್ತಾಗ್ತಿಲ್ಲ," ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಮರುದಿನ ಬೆಳಿಗ್ಗೆ ಸಾರಿಗೆ ಇನ್‌ಸ್ಪೆಕ್ಟರು ಬಂದರು. ಜೊತೆಗೆ ಡ್ರೈವಿಂಗ್ ಸ್ಕೂಲಿನ ಗುರುಗಳು. ಇನ್‌ಸ್ಪೆಕ್ಟರು ಬಹಳ ಗಂಭೀರ ಮನುಷ್ಯರು. ಕೆಮ್ಮುವಾಗಲೂ ಇಲಾಖೆಯ ಪರವಾಗಿ ಕೆಮ್ಮುತ್ತಿದ್ದರು. ನಾವೆಲ್ಲ ಕಾರಿನ ಸುತ್ತ ನೆರೆದೆವು. ಶಿಷ್ಯರೆಂದು ಗುರುತಾಗಬಾರದೆಂದು ಎಲ್ಲರೂ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆವು. ಇನ್‌ಸ್ಪೆಕ್ಟರು ದೂರು ಓದಿದರು:

"ಸದರಿ ವ್ಯಕ್ತಿಯು ದಿನಕ್ಕೊಬ್ಬರಂತೆ ಅಮಾಯಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ವಾಹನವನ್ನು ಮುಂದಕ್ಕೆ ವೇಗವಾಗಿ ಚಲಾಯಿಸುತ್ತಾ, ಅದೇ ಸಮಯದಲ್ಲಿ ಹಿಂದಕ್ಕೆ ಬರುತ್ತಿರುವುದಾಗಿ ದೀಪ ಉರಿಸಿ, ಸಾರ್ವಜನಿಕರನ್ನು ದಿಗ್ಭ್ರಮೆಗೊಳಿಸುವ ವಿದ್ಯೆಯನ್ನು ಬೋಧಿಸುತ್ತಿರುತ್ತಾನೆ."

"ರಿವರ್ಸ್ ದೀಪಾನಾ?" ಎಂದರು ಕನ್ನಡಕದವರು. "ನಾನ್ಯಾಕೆ ಹಚ್ಚಲಿ ಸಾರ್? ನಾನು ಹಾಕಿರೋದು ಲಾಕಪ್ಪಿನ ಸ್ವಿಚ್ಚು. ಬೀದಿಯವರೆಲ್ಲ ಸಾಕ್ಷಿ. ಮುನ್ನೂರು ಬೀಳುತ್ತೆ. ಕೆಲವರಿಗೆ ನೂರು."

"ಹಾಕಿ, ನೋಡೋಣ."

ಕನ್ನಡಕದವರು ಹೆಮ್ಮೆಯಿಂದ ಕಾರಿನೊಳಗೆ ಕೂತರು. ನಾವು ಹಿಂದೆ ನಿಂತಿದ್ದೆವು. "ಹಾಕಿದೆ!" ಎಂದರು. ನಮ್ಮ ಕಣ್ಣೆದುರಿಗೆ, ಕಾರಿನ ಬೆನ್ನಿನಲ್ಲಿ, ಹಿಂದಕ್ಕೆ ಬರುವಾಗ ಹತ್ತುವ ಬಿಳಿ ದೀಪ ಝಗ್ಗನೆ ಹತ್ತಿತು. ಅಭ್ಯಾಸಬಲದಿಂದ ಅವರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು:

"ಬಿತ್ತಾ?"

ಕಟಿಂಗ್ ಶಾಪಿನವನು ಬಾಯಿ ತಪ್ಪಿ, "ಬಿತ್ತು ಸಾರ್... ಅಲ್ಲ, ಹತ್ತಿತು," ಎಂದ.

ಗೇರುಪೆಟ್ಟಿಗೆಯ ಪಕ್ಕದಲ್ಲಿ ಒಂದೇ ಥರದ ಎರಡು ಪ್ಲಗ್ಗುಗಳಿರುತ್ತವಂತೆ. ಒಂದು ಲಾಕಪ್ಪಿನದು, ಇನ್ನೊಂದು ರಿವರ್ಸ್ ದೀಪದ್ದು. ಇಷ್ಟು ದಿನ ಇವರು ಬಿಗಿ ಹಾಕಿದೆನೆಂದು ಸ್ವಿಚ್ ಒತ್ತಿದಾಗಲೆಲ್ಲ, ಬೈಪಾಸಿನಲ್ಲಿ ಮುಂದಕ್ಕೆ ಹಾರುತ್ತಿದ್ದ ಕಾರು ಹಿಂದಿನವರಿಗೆಲ್ಲ ಇಗೋ ಹಿಂದಕ್ಕೆ ಬಂದೆ ಎಂದು ಹೆದರಿಸುತ್ತಿತ್ತು. ಸುಧಾರಿಸಿದ ಜನ ಅಂತರ ಬಿಟ್ಟದ್ದು ಇದಕ್ಕೆ.

ಕನ್ನಡಕದವರು ಇಳಿದು ಹಿಂದಕ್ಕೆ ಬಂದು ಆ ದೀಪವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಹಾಗಾದ್ರೆ, ಮುಳ್ಳು?"

ಓನರಮ್ಮ ಮೊಣಕಾಲು ನೀವಿಕೊಂಡರು. ಕಟಿಂಗ್ ಶಾಪಿನವನು, "ನೀವು ಅಷ್ಟು ಆಸೆಯಿಂದ ಕೇಳ್ತಿದ್ರಿ ಸಾರ್, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ," ಎಂದ. ನಾನು ಜೇಬಿನಲ್ಲಿದ್ದ ಕನ್ನಡಕದ ಕಡ್ಡಿಯನ್ನು ಮುರಿಯುವಷ್ಟು ತಿರುಚುತ್ತಿದ್ದೆ. ಕನ್ನಡಕದವರು ಮೊದಲು ನಕ್ಕರು. ಅವರು ನಕ್ಕರಲ್ಲ ಎಂದು ನಾವೆಲ್ಲ ಜೋರಾಗಿ ನಕ್ಕೆವು, ಗುರುಗಳೂ ನಕ್ಕರು. ನಗು ಮೊದಲು ನಿಂತದ್ದೂ ಕನ್ನಡಕದವರದೇ.

"ಅಕ್ಕ, ನಿನ್ನ ಕಣ್ಣು ಚೆನ್ನಾಗಿದೆ," ಎಂದರು.

ಇನ್‌ಸ್ಪೆಕ್ಟರು, ಸದರಿ ವಾಹನವು ಇನ್ನು ಮುಂದೆ ತಾನು ಹೋಗುವ ದಿಕ್ಕನ್ನೇ ಸೂಚಿಸತಕ್ಕದ್ದು ಎಂದು ಎಚ್ಚರಿಕೆ ಕೊಟ್ಟು, ಗ್ಯಾರೇಜಿನಲ್ಲಿ ವೈರು ಸರಿ ಮಾಡಿಸಬೇಕೆಂದು ಹೇಳಿ ಹೋದರು. ಸ್ಕೂಲೇ ಇಲ್ಲವೆಂದು ತಿಳಿದು ಗುರುಗಳಿಗೆ ಸ್ವಲ್ಪ ನಿರಾಸೆಯಾದಂತಿತ್ತು. ಅಕ್ಕ ಇನ್ನೊಮ್ಮೆ ಕರೆದರು. ಕನ್ನಡಕದವರು, "ನೋಡೋಣ ಅಕ್ಕ," ಎಂದರು. ಅಕ್ಕ ಚೀಲ ಹಿಡಿದುಕೊಂಡು ಒಬ್ಬರೇ ಬಸ್ಸು ಹತ್ತಿದರು.

ಗ್ಯಾರೇಜಿಗೆ ಜೊತೆಯಲ್ಲಿ ನಾನೇ ಹೋದೆ. ಮನಸ್ಸು ಚುಚ್ಚುತ್ತಿತ್ತು. ಮೆಕ್ಯಾನಿಕ್ಕು ಕೆಳಗೆ ತೂರಿ ವೈರನ್ನು ಆ ಪ್ಲಗ್ಗಿನಿಂದ ಈ ಪ್ಲಗ್ಗಿಗೆ ಹಾಕಿದ. "ಉಳಿದಿದ್ದೆಲ್ಲ ಬಹಳ ಅಚ್ಚುಕಟ್ಟಾಗಿ ಮಾಡಿದೀರಿ ಸಾರ್. ಬ್ರೇಕ್ ಒತ್ತಿದ್ರೆ ಬಿಗಿ ತಾನೇ ಬಿಟ್ಕೊಳ್ಳುತ್ತೆ, ಯಾರು ಹೇಳಿಕೊಟ್ಟರು?" ಎಂದು ಕೇಳಿದ. ಅವರು ದುಡ್ಡು ಕೊಟ್ಟು ಕಾರು ಹತ್ತಿದರು. ಬರುವಾಗ ಬೈಪಾಸಿನಲ್ಲಿ ಸ್ವಿಚ್ ಒತ್ತಿದರು. ಹಸಿರು ದೀಪ ಹತ್ತಿತು. ಇಂಜಿನ್ನಿನ ಸದ್ದು ನಿಟ್ಟುಸಿರು ಬಿಟ್ಟ ಹಾಗೆ ಇಳಿಯಿತು. ಮುಳ್ಳು ನಿಜವಾಗಿ, ನನ್ನ ಕಣ್ಣೆದುರಿಗೆ, ಮುನ್ನೂರು ಕೆಳಗೆ ಬಂದು ನಿಂತಿತು.

"ಬಿತ್ತು!" ಎಂದೆ. ಬಿತ್ತಾ ಎಂದು ಅವರು ಕೇಳಿರಲೇ ಇಲ್ಲ. "ದೇವರಾಣೆ ಬಿತ್ತು!"

ಅವರು ನನ್ನ ಕಡೆ ನೋಡಲಿಲ್ಲ. ರಸ್ತೆಯಿಂದ ಕಣ್ಣು ತೆಗೆದು, ಮೊದಲ ಸಲ, ಮುಳ್ಳನ್ನು ತಾವೇ ನೋಡಿಕೊಂಡರು. ಆಮೇಲೆ, "ಹೌದು," ಎಂದರು. ಅಷ್ಟು ದಿನ ಅದು ಅವರ ಮೂಗಿನ ಕೆಳಗೇ ಇತ್ತು. ನೋಡಿದ್ದರೆ ಪಕ್ಕದ ಸೀಟಿಗೆ ಯಾರೂ ಬೇಕಾಗುತ್ತಿರಲಿಲ್ಲ. ಅದಕ್ಕೇ ನೋಡಿರಲಿಲ್ಲ ಎಂಬುದು ಇಷ್ಟು ತಪ್ಪು ಹುಡುಕುವ ನನಗೆ ಆಗ ಹೊಳೆಯಿತು.

ಕಾರು ಸರಿಯಾಯಿತು. ಬೀದಿಗೆ ನಿರಾಳವಾಯಿತು. "ಸದ್ಯ, ಅವರ ಕೆಲಸ ಮುಗೀತಲ್ಲ," ಎಂದರು ಓನರಮ್ಮ. ಕಟಿಂಗ್ ಶಾಪಿನವನು ಕನ್ನಡಕ ತೆಗೆದು ಕಪಾಟಿಗೆ ಹಾಕಿ ಮೊದಲಿನಂತೆ ನೆಟ್ಟಗೆ ಕತ್ತರಿ ಆಡಿಸಿದ. ಸಂಜೆ ಹೊತ್ತು ಕನ್ನಡಕದವರ ಕಾರು ಹೋಗುವುದು, ಬರುವುದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ಒಬ್ಬರೇ ಹೋಗಿ ಒಬ್ಬರೇ ಬರುತ್ತಿದ್ದರು. ನಾಚಿಕೆ ಅವರಿಗಿತ್ತೋ ನಮಗಿತ್ತೋ, ಮೆಟ್ಟಿಲಲ್ಲಿ ಸಿಕ್ಕರೆ ಇಬ್ಬರೂ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದೆವು. ಕರೆಂಟಿದೆಯಾ ಎಂದು ಕೇಳಲೂ ಅವರು ಬರಲಿಲ್ಲ. ಒಂದು ಸಂಜೆ ನಿಜವಾಗಿಯೇ ಕರೆಂಟು ಹೋಯಿತು. ಆಗಲಾದರೂ ಬರುತ್ತಾರೆಂದು ನಾನು ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತೆ. ಎದುರು ಮನೆ ಕತ್ತಲಲ್ಲಿ ಸುಮ್ಮನಿತ್ತು.

ನನಗೆ ಕರಡಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಸಂಪಾದಕರು ದಿನಕ್ಕೊಂದು ಹೊಸ ಮೂರ್ಖತನ ಮಾಡುತ್ತಿದ್ದರು; ಹೇಳಲು ಯಾರೂ ಇರಲಿಲ್ಲ.

ಕೊನೆಗೊಂದು ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಕನ್ನಡಕದವರು ಒಗೆದ ಅಂಗಿ ಹಾಕಿಕೊಂಡು ನಿಂತಿದ್ದರು. ಕೈಯಲ್ಲಿ ಕಾರಿನ ಬೀಗದ ಕೈ. ಹೊಸದೇನು ಕೆಟ್ಟಿತಪ್ಪ ಎಂದುಕೊಂಡೆ. ಕೆಟ್ಟಿದ್ದರೆ ಒಳ್ಳೆಯದಿತ್ತು ಎಂದೂ ಅನ್ನಿಸಿತು.

"ಏನು ನೋಡ್ಬೇಕು ಹೇಳಿ. ಮುಳ್ಳಾ?" ಎಂದೆ.

ಅವರು ಬಾಯಿ ತೆರೆದರು, ಮುಚ್ಚಿದರು. ಕುತ್ತಿಗೆ ಕೆಂಪಾಯಿತು. ಬೀಗದ ಕೈಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

"ನೋಡೋಕೆ ಏನೂ ಇಲ್ಲ ಸಾರ್. ಎಲ್ಲಾ ಸರಿಯಾಗಿದೆ," ಎಂದರು. "ಒಬ್ಬನೇ ಹೋಗೋಕೆ ಬೇಜಾರು. ಸುಮ್ನೆ ಬರ್ತೀರಾ?"

ಕರಡು ಕಾಯುತ್ತಿದೆ ಎಂದು ಹೇಳುವುದು ನನ್ನ ವಾಡಿಕೆ. ಅವತ್ತು ಮೇಜಿನ ಮೇಲೆ ನಿಜವಾಗಿಯೂ ಒಂದು ಕಟ್ಟು ಕರಡು ಕಾಯುತ್ತಿತ್ತು, ಬೆಳಿಗ್ಗೆಗೆ ಕೊಡಲೇಬೇಕಾದದ್ದು.

"ಪುಣ್ಯಾತ್ಮ, ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?" ಎಂದು ಅವರನ್ನೇ ಗದರಿಸಿ, ಚಪ್ಪಲಿ ಮೆಟ್ಟಿಕೊಂಡೆ.